ಇನ್ನೂರ ಹದಿನೇಳನೆಯ ಚೀಲ

ಮುಳಬಾಗಿಲು
೧೪ ಮಾರ್ಚ್ ೨೦೦೧

ಸುಮಧ್ವ,

ಇಲ್ಲಿ ಅಮ್ಮ, ನಾನು ಚೆನ್ನಾಗಿದ್ದೇವೆ. ನಿನ್ನ ಕ್ಷೇಮ ವಿಚಾರಿಸಬೇಕಾದ ಸಾಲನ್ನು ಮೂರು ಸಲ ಬರೆದು ಮೂರು ಸಲ ಹರಿದು ಹಾಕಿದೆ. ನಿನ್ನ ಹೆಂಡತಿ ಸೌಪರ್ಣಿಕಾ ಯಾವ ತಪ್ಪೂ ಮಾಡಿಲ್ಲ, ಅವಳು ಚೆನ್ನಾಗಿರಲಿ. ನಿನ್ನ ಪಾರ್ಸೆಲ್ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು ಅಂತ ಬರೆಯುವುದು ರೂಢಿ. ಬರೆದೆ ಅಂದುಕೋ.

ಪೋಸ್ಟ್‌ಮ್ಯಾನ್ ಮುನಿರಾಮಪ್ಪ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ: "ಏಂ ಮೇಡಂ, ಮನ ಸುಮಧ್ವಂದಾ ಇದು? ಹೈದರಾಬಾದಿಂದ ಬಂದೈತೆ!" ನಾಲ್ಕು ಮನೆಯಾಚೆ ಬೆಳೆದ ಹುಡುಗ ನೀನು, ಇನ್ನೂ ಎಲ್ಲರಿಗೂ "ಮನ ಸುಮಧ್ವ", ನಮ್ಮವನೇ. ಒಳಗೆ ನಮ್ಮ ಸಂಶೋಧನೆಯ ಪೇಪರಿನ ಹತ್ತು ಪ್ರತಿ, ಮೇಲೊಂದು ಚೀಟಿ: "ಕೊನೆಗೂ ಅಚ್ಚಾಯ್ತು ಕಣೇ. ಅತ್ತೆಗೆ ತೋರಿಸು." ನಾನು ನೇರವಾಗಿ ಕೊನೆಯ ಪುಟ ತೆಗೆದೆ. ಕೃತಜ್ಞತೆ ಹೇಳುವ ಜಾಗದಲ್ಲಿ ಅನುದಾನ ಕೊಟ್ಟವರಿದ್ದಾರೆ, ಸಾರಜನಕದ ಸಿಲಿಂಡರ್ ತಂದುಕೊಟ್ಟ ಏಜೆನ್ಸಿ ಕೂಡ ಇದೆ. ರಾಧಮ್ಮ ಅನ್ನುವ ಅಮ್ಮನ ಹೆಸರಿಲ್ಲ.

ಅತ್ತೆಗೆ ತೋರಿಸಬೇಕಂತೆ! ಏನನ್ನು ತೋರಿಸಲಿ, ಸಿಲಿಂಡರನ್ನೇ?

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಮರೆತವನಿಗೆ ಮೊದಲಿಂದಲೇ ಹೇಳಬೇಕು. ತೊಂಬತ್ತೇಳರಲ್ಲಿ ಬೆಂಗಳೂರಿನ ಲ್ಯಾಬಿನಲ್ಲಿ ನಮ್ಮಿಬ್ಬರ ಕೆಲಸ ಏನಿತ್ತು? ಅಮೈನೋ ಆಮ್ಲಗಳನ್ನು ಹೂವಿನ ಹಾಗೆ ಒಂದೊಂದಾಗಿ ಪೋಣಿಸಿ, ತುದಿಗೆ ತುದಿ ಸೇರಿಸಿ, ಔಷಧಿಗಾಗಿ ಪೆಪ್ಟೈಡಿನ ಉಂಗುರ ಮಾಡುವುದು. ಒಂದೊಂದೇ ಮಾಡುತ್ತ ಕೂತರೆ ಮುದುಕರಾಗುತ್ತೇವೆ ಅಂತ ಮುನ್ನೂರು ಬಗೆಯನ್ನು ಒಟ್ಟಿಗೇ ಹಿಡಿದೆವು. ಪೆಪ್ಟೈಡ್ ಬೆಳೆಯುವ ಗಸಗಸೆಯಂಥ ರಾಳದ ಮಣಿಗಳನ್ನು ಪುಟ್ಟ ಜಾಲರಿ ಚೀಲಗಳಲ್ಲಿ ತುಂಬಿ, ಚೀಲಕ್ಕೊಂದು ನಂಬರು ಕೊಟ್ಟೆವು. ಯಾವ ಚೀಲ ಯಾವತ್ತು ಯಾವ ಪಾತ್ರೆಗೆ ಇಳಿಯಿತು ಅನ್ನುವುದೇ ಅದರೊಳಗಿನ ಪೆಪ್ಟೈಡಿನ ಜಾತಕ. ಚೀಲದ ಅಂಚು ಬೆಸೆಯುವ ಯಂತ್ರ ಕೆಟ್ಟು ಕೂತಿತ್ತು. ನೀನು ಮಹಾ ಬುದ್ಧಿವಂತ, ಟೈಲರ್ ಹತ್ತಿರ ನೈಲಾನ್ ದಾರದಲ್ಲಿ ಹೊಲಿಸಿಕೊಂಡು ಬಂದೆ. ಮೂರು ತಿಂಗಳು ದುಡಿದು ಕೊನೆಯಲ್ಲಿ ಆಸಿಡ್ ಹಾಕಿದರೆ ದಾರವೆಲ್ಲ ಕರಗಿ ಮುನ್ನೂರು ಚೀಲವೂ ಬಾಯಿ ಬಿಟ್ಟವು. ಯಾವ ಮಣಿ ಯಾವ ಚೀಲದ್ದೋ ಆ ಬ್ರಹ್ಮನಿಗೂ ಗೊತ್ತಾಗದ ಹಾಗೆ ಎಲ್ಲ ತಳದಲ್ಲಿ ಕಲಸಿಹೋಯಿತು. ನೀನು ಮೆಟ್ಟಿಲ ಮೇಲೆ ಕೂತು, "ಮುಗೀತು ಕಣೇ ಪ್ರಿಯಾ, ಶ್ರೀನಿವಾಸಪುರದಲ್ಲಿ ಮಾವಿನಕಾಯಿ ಮಂಡಿಗೆ ಸೇರ್ಕೊಳ್ತೀನಿ" ಅಂತ ಅತ್ತಿದ್ದೆ.

ಇಬ್ಬರೂ ಬಸ್ಸು ಹತ್ತಿ ಇಲ್ಲಿಗೆ ಬಂದೆವು. ಅಮ್ಮ ನಡುಮನೆಯಲ್ಲಿ ಮುತ್ತುಗದ ಎಲೆ ಹಚ್ಚುತ್ತ ಕೂತಿದ್ದಳು, ಯಾರದೋ ಮದುವೆಗೆ. ಅಪ್ಪ ಹೋದಮೇಲೆ ನನ್ನನ್ನು ಎಂ.ಎಸ್ಸಿ.ವರೆಗೆ ಓದಿಸಿದ್ದು ಆ ಎಲೆಗಳೇ. ಬಾಯಿಬಿಟ್ಟ ಚೀಲವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಏನಂದಳು?

"ಬಟ್ಟೆಗೆ ಏನೂ ಆಗಿಲ್ವಲ್ಲೋ, ದಾರ ಮಾತ್ರ ಹೋಗಿದೆ. ಆ ಬಟ್ಟೇದೇ ಎಳೆ ಕಿತ್ತು ಹೊಲಿಯೋಕ್ಕೇನು? ಎಲೆಗೆ ನಾನು ದಾರ ಹಾಕ್ತೀನಾ? ಕಡ್ಡಿ ಹಾಕ್ತೀನಿ. ಕುದಿಯೋ ಸಾರು ಬಡಿಸಿದ್ರೂ ಎಲೆ ಜೊತೆ ಅದೂ ತಡ್ಕೊಳುತ್ತೆ."

ರಸಾಯನಶಾಸ್ತ್ರ ಅರೆದು ಕುಡಿದ ನಾವಿಬ್ಬರು ಮುಖ ಮುಖ ನೋಡಿಕೊಂಡೆವು. ನೆನಪಿದೆಯಾ?

ಆಮೇಲೆ ಇಪ್ಪತ್ತೆರಡು ದಿನ ಅಮ್ಮ ಮುನ್ನೂರು ಚೀಲ ಹೊಲಿದಳು. ಕೂದಲಿಗಿಂತ ಸಣ್ಣ ಎಳೆ. ಬೆಳಿಗ್ಗೆ ಮಡಿಯಲ್ಲಿ, ಊಟಕ್ಕೆ ಮೊದಲೇ ಕೂರುತ್ತಿದ್ದಳು. "ಔಷಧಿಗೆ ಅಂತೀರ, ಮುಸುರೆ ಕೈ ತಾಗಬಾರದು" ಅನ್ನುತ್ತಿದ್ದಳು. ಶಾಯಿಯ ನಂಬರು ದ್ರಾವಣದಲ್ಲಿ ಅಳಿಸಿಹೋಗುತ್ತೆ ಅಂದಾಗ, ಸೂಜಿ ಕಾಯಿಸಿ ಚೀಲದ ಪಟ್ಟಿಯ ಮೇಲೆ ತೂತು ತೂತಾಗಿ ಅಂಕಿ ಚುಚ್ಚಿಕೊಟ್ಟಳು. ಕನ್ನಡದ ಅಂಕಿ, ಅವಳಿಗೆ ಬರುವುದು ಅದೊಂದೇ. ನಮ್ಮ ಗೈಡು ಮೇಷ್ಟ್ರು ಅದನ್ನು ನೋಡಿ ಮೂಗು ಮುರಿದರು. ಆದರೆ ಮತ್ತೆ ಮೊದಲಿಂದ ಮಾಡಿದಾಗ ಒಂದು ನಂಬರೂ ಅಳಿಸಲಿಲ್ಲ, ಆಸಿಡ್‌ನಲ್ಲಿ ಒಂದು ಚೀಲವೂ ಬಿಚ್ಚಲಿಲ್ಲ. ಕೀವಿನ ರೋಗಾಣುವನ್ನು ಕೊಂದ ಉಂಗುರ ಇನ್ನೂರ ಹದಿನೇಳನೆಯ ಚೀಲದಲ್ಲಿತ್ತು. ಅಮ್ಮ ಕುರುಡುಮಲೆ ಗಣಪನಿಗೆ ಹರಕೆ ತೀರಿಸಿ ಬಂದಳು. ನೀನು ನಮ್ಮ ಮನೆಯಲ್ಲಿ ಎಲೆ ಮುಂದೆ ಕೂತು, "ಅತ್ತೆ, ಪೇಪರ್ ಅಚ್ಚಾಗ್ಲಿ, ಅದ್ರಲ್ಲಿ ನಿಮ್ಮ ಹೆಸರಿರುತ್ತೆ, ಇದು ನನ್ನ ಮಾತು" ಅಂದೆ. ಅವಳು, "ನನ್ನ ಹೆಸರು ಯಾಕೋ ಮಾರಾಯ, ಇನ್ನೊಂದು ಹೋಳಿಗೆ ಹಾಕಿಸ್ಕೋ" ಅಂದಳು. ಆದರೆ ಮಾರನೆಯ ವಾರದಿಂದಲೇ, "ಅಚ್ಚಾಯ್ತೇನೇ?" ಅಂತ ಕೇಳೋಕೆ ಶುರು ಮಾಡಿದಳು. ಮೂರೂವರೆ ವರ್ಷ ಕೇಳಿದ್ದಾಳೆ.

ಈಗ ಅಚ್ಚಾಗಿದೆ. "ಜಾಲರಿಯದೇ ಎಳೆಯಿಂದ ಹೊಲಿಯುವ ಈ ವಿಧಾನವನ್ನು ನಮ್ಮ ಪ್ರಯೋಗಾಲಯದಲ್ಲಿ ರೂಪಿಸಲಾಯಿತು." ರೂಪಿಸಲಾಯಿತಂತೆ! ಯಾವ ಪ್ರಯೋಗಾಲಯ? ಸೊಂಟ ಹಿಡಿದುಕೊಂಡು ಅಮ್ಮ ಕೂತಿದ್ದ ನಡುಮನೆಯೇ? ಉಂಡ ಮನೆಗೆ ಎರಡು ಬಗೆಯುವುದು ಅಂತ ಕೇಳಿದ್ದೆ, ನಮ್ಮ ಮನೆಯಲ್ಲೇ ಉಂಡವನು ಮಾಡುತ್ತಾನೆ ಅಂದುಕೊಂಡಿರಲಿಲ್ಲ.

ಪಾರ್ಸೆಲ್ ಬಂದ ದಿನ ಸಂಜೆ ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಿದಾಗ ನೀನು ಹೇಳಿದ್ದನ್ನು ನಿನಗೇ ವಾಪಸ್ಸು ಬರೆಯುತ್ತಿದ್ದೇನೆ, ಓದಿ ನಾಚಿಕೆಪಟ್ಟುಕೋ. "ಅತ್ತೆ ಹೆಸರಿನ ಸಾಲನ್ನ ಮೇಷ್ಟ್ರೇ ಹೊಡೆದು ಹಾಕಿದ್ರು ಕಣೇ. ಹೊಲಿಗೆ ಹಾಕಿದವರಿಗೆಲ್ಲ ಥ್ಯಾಂಕ್ಸ್ ಹೇಳ್ತಾ ಹೋದ್ರೆ ನಾಳೆ ಕಾಫಿ ತಂದವನಿಗೂ ಹೇಳ್ಬೇಕಾಗುತ್ತೆ ಅಂದ್ರು. ನಾನೇನು ಮಾಡ್ಲಿ?" ಏನು ಮಾಡಬೇಕಿತ್ತಾ? ಬಾಯಿ ಬಿಡಬೇಕಿತ್ತು! ಮೊದಲ ಹೆಸರು ನಿನ್ನದು. ನಿನಗೆ ಹೆದರಿಕೆ, ಅಷ್ಟೇ. ಆಮೇಲೆ ನೀನು, "ಅಲ್ವೇ ಪ್ರಿಯಾ, ನೀನೂ..." ಅಂತ ಇನ್ನೇನೋ ಹೇಳೋಕೆ ಹೊರಟೆ. ನಾನು ಫೋನ್ ಇಟ್ಟುಬಿಟ್ಟೆ.

ನನ್ನ ಹೆಸರು ಎರಡನೆಯದಾಗಿ ಇದೆಯಲ್ಲ, ಸುಮ್ಮನಿರುತ್ತಾಳೆ ಅಂದುಕೊಂಡೆಯೇನೋ. ಇಲ್ಲ. ಇದರ ಜೊತೆ ಪೇಪರ್ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ಒಂದು ತಿದ್ದುಪಡಿ ಪತ್ರ ಟೈಪು ಮಾಡಿಸಿ ಇಟ್ಟಿದ್ದೇನೆ. ಚೀಲ ಹೊಲಿಯುವ ವಿಧಾನ ಮುಳಬಾಗಿಲಿನ ಶ್ರೀಮತಿ ರಾಧಮ್ಮನವರದು, ಹೇಳದೆ ಬಿಟ್ಟದ್ದು ನಮ್ಮ ತಪ್ಪು ಅಂತ ಎರಡೇ ಸಾಲು. ನನ್ನ ಸಹಿ ಆಗಿದೆ. ಯುಗಾದಿಯೊಳಗೆ ನಿನ್ನ ಸಹಿ ಬರದಿದ್ದರೆ ನಾನೊಬ್ಬಳೇ ಕಳಿಸುತ್ತೇನೆ. ಮೇಷ್ಟ್ರು ಏನಂದರೂ ಸರಿ, ಕೋಲಾರದ ಕಾಲೇಜಿನಲ್ಲಿ ನನ್ನ ಕೆಲಸಕ್ಕೆ ಏನಾದರೂ ಸರಿ.

ಅಮ್ಮ ನಿನಗೆ ಹುಣಿಸೆ ತೊಕ್ಕು ಮಾಡಿಟ್ಟಿದ್ದಾಳೆ, ಹೈದರಾಬಾದಿಗೆ ಹೋಗುವವರ ಕೈಲಿ ಕಳಿಸು ಅಂತಾಳೆ. ಅವಳ ಆಶೀರ್ವಾದ ನಿನಗೆ, ಸೌಪರ್ಣಿಕಾಳಿಗೆ ಯಾವತ್ತೂ ಇದ್ದದ್ದೇ. ನನ್ನ ಹಾರೈಕೆ ಆ ಸಹಿ ಬಂದಮೇಲೆ.

ಪ್ರಿಯಂವದಾ

ತಾ.ಕ.: ಫೋನಿನಲ್ಲಿ ನೀನು ಹೇಳಲು ಹೊರಟದ್ದು ಏನೆಂದು ನನಗೆ ಗೊತ್ತು. ಅಚ್ಚಿಗೆ ಮೊದಲು ಪ್ರೂಫ್ ನನಗೂ ಬಂದಿತ್ತು. ಅಮ್ಮನ ಹೆಸರಿನ ಸಾಲು ಹೋಗಿದ್ದನ್ನು ಆವತ್ತೇ ನೋಡಿದೆ. ಕೆಲಸ ಕಾಯಂ ಆಗುವ ಸಂದರ್ಶನಕ್ಕೆ ಹನ್ನೊಂದು ದಿನ ಇತ್ತು, ಪೇಪರ್ ಒಂದು ಬೇಕೇ ಬೇಕಿತ್ತು, ಮೇಷ್ಟ್ರ ಒಳ್ಳೆಯ ಮಾತೂ ಬೇಕಿತ್ತು. "ತಿದ್ದುಪಡಿ ಇಲ್ಲ" ಅಂತ ಬರೆದು ಸಹಿ ಹಾಕಿ ಅವತ್ತೇ ಅಂಚೆಗೆ ಹಾಕಿದೆ. ನಿನ್ನ ಪಾರ್ಸೆಲ್ ಬಂದ ದಿನ ಅಮ್ಮ ಕನ್ನಡಕ ಹಾಕಿಕೊಂಡು ಪುಟ ತಿರುಗಿಸಿದಳು. ಚೀಲದ ಫೋಟೋದಲ್ಲಿ ತಾನು ಚುಚ್ಚಿದ ೨೧೭ ಕಂಡು, "ಇದು ನಂದೇ ಅಲ್ವೇನೇ!" ಅಂತ ಕೂಗಿದಳು. ಆಮೇಲೆ, "ಹೆಸರೆಲ್ಲಿದೆ?" ಅಂದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಅವಳ ಬೆರಳು ಹಿಡಿದು ಒಂದು ಕಡೆ ಇಟ್ಟೆ. "ಇಷ್ಟು ಚಿಕ್ಕದಾಗಿ ಹಾಕಿದಾರಾ" ಅಂತ ನಕ್ಕು, ಆ ಅಕ್ಷರಗಳ ಮೇಲೆ ತುಳಸಿ ಇಟ್ಟು ದೇವರ ಮುಂದೆ ಇಟ್ಟಿದ್ದಾಳೆ. ದಿನಾ ಪೂಜೆಯಾದಮೇಲೆ ಒಂದು ಸಲ ಮುಟ್ಟಿ ನೋಡುತ್ತಾಳೆ. ಅದು ನನ್ನ ಹೆಸರು ಕಣೋ.