ಕಿವಿ ಇಲ್ಲದ ಲೆಕ್ಕ

ದುಬಲಗುಂಡಿ, ತಾ. ಹುಮನಾಬಾದ
ಸೋಮವಾರ, ಜನವರಿ ೧೨

ಪ್ರೀತಿಯ ತಮ್ಮ ಧರ್ಮೇಂದ್ರನಿಗೆ ಅಕ್ಕ ಚಂದಮ್ಮನ ಆಶೀರ್ವಾದ.

ನಿನ್ನ ಕೆಮ್ಮು ಕಡಿಮೆ ಆಯಿತೇ? ಮೈದಾನ ಕಟ್ಟುವಲ್ಲಿ ಧೂಳು ಬಹಳ, ಮೂಗಿಗೆ ವಸ್ತ್ರ ಕಟ್ಟಿಕೋ. ನಾವು ಆರಾಮ ಇದ್ದೇವೆ. ನಿಮ್ಮ ಭಾವ ಮೋರಖಂಡಿ ಹೊಲಗಳಲ್ಲಿ ಗೊಬ್ಬರಕ್ಕೆ ರಾತ್ರಿ ಕುರಿ ತರುಬಿ ನಿನ್ನೆ ಮರಳಿದರು, ಮೊಣಕಾಲು ಹಿಡಿದಿದೆಯಂತೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿ ಓದು. ಫೋನಿನಲ್ಲಿ ಹೇಳಹೋದರೆ "ಆಮ್ಯಾಲ ಅಕ್ಕ" ಅಂತ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ.

ಹುಮನಾಬಾದಿಗೆ ಕಿರಾಣಿಗೆ ಹೋಗಿದ್ದೆ. ಅಂಗಡಿಯ ಓಂಪ್ರಕಾಶ ಶೆಟ್ಟರು ಪೇಪರ್ ಹಿಡಿದು ಕೂತಿದ್ದರು. ದೇಶದೇಶದವರು ಆಡಲು ಬರುವ ಆ ನಿನ್ನ ಮೈದಾನಕ್ಕೆ ಮೊದಲು ನಾಲ್ಕುನೂರು ಕೋಟಿ ಅಂದಿದ್ದರಂತೆ, ಆಮೇಲೆ ಏಳುನೂರು, ಈಗ ಹನ್ನೊಂದುನೂರು. "ಚಂದಮ್ಮ, ನಿನ್ನ ತಮ್ಮನ ಮೈದಾನ ಬೆಳ್ಯಾಕತ್ತಿಲ್ಲ, ಖರ್ಚು ಬೆಳ್ಯಾಕತ್ತದ. ನೀ ಒಯ್ಯೋ ಸಾಬೂನಿನ ತೆರಿಗ್ಯಾಗೂ ಅದರ ಪಾಲು ಅದ" ಅಂದರು. ನಮ್ಮೂರ ಶಾಲೆಯ ಮಾಳಿಗೆ ಸೋರಿದರೆ ಮಾತ್ರ ರೊಕ್ಕ ಇಲ್ಲ. ಕಂಬಿ, ಉಸುಕು ಎಷ್ಟು ಬಂತೆಂದು ಬರೆದು ಸಹಿ ಹಾಕುವವನು ನೀನು. ದೀಪಾವಳಿಗೆ ಬಂದಾಗ, "ನೋಡಾಕ ವ್ಯಾಳ್ಯಾ ಎಲ್ಲಿ ಅದ ಅಕ್ಕ, ಮ್ಯಾಲಿನವರು ಹಾಕು ಅಂದ್ರ ಹಾಕೂದು" ಅಂದಿದ್ದೆ. ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿದೆ.

ಅಪ್ಪ ಕೊಹಿನೂರು ಊರಿನ ಮಾಲೀಕರ ಕುರಿ ಪಾಲಿಗೆ ಕಾಯುತ್ತಿದ್ದದ್ದು ನಿನಗೆ ನೆನಪಿರಲಿಕ್ಕಿಲ್ಲ, ಸಣ್ಣವನಿದ್ದೆ. ಕುರಿ ಸತ್ತರೆ, ಮಾರಿಕೊಂಡಿಲ್ಲ ಅನ್ನಲಿಕ್ಕೆ ಸಾಕ್ಷಿಯಾಗಿ ಗುರುತಿನ ಕಿವಿ ಕೊಯ್ದು ತಂದು ಮಾಲೀಕನ ಮುಂದೆ ಇಡಬೇಕು. ಒಮ್ಮೆ ತೋಳ ಇಡೀ ಕುರಿಯನ್ನೇ ಒಯ್ದಿತು, ಕಿವಿ ಸಿಗಲಿಲ್ಲ. ಮಾಲೀಕರು ಹೋಗಲಿ ಬಿಡು ಅಂದರು. ಅಪ್ಪ ನಮ್ಮ ಕರಿ ಕುರಿ ಕೊಟ್ಟು ಬಂದ. ಅವ್ವ ಅತ್ತಾಗ ಇಷ್ಟೇ ಅಂದ: "ಇವತ್ತು ಕಿವಿ ತೋರಿಸದೆ ಬಿಟ್ರ, ನಾಳಿ ಸತ್ತದ್ದೆಲ್ಲಾ ತ್ವಾಳದ ಮ್ಯಾಲ ಹಾಕ್ತೀವಿ."

ವೇಳೆಗೆ ಉಣ್ಣು. ನಿನ್ನ ಹೆಂಡತಿ ಶೀತಲಳಿಗೂ ನನ್ನ ಆಶೀರ್ವಾದ ಮುಟ್ಟಿಸು. ದೇವರು ನಿನ್ನ ಕೈ ಕಾಯಲಿ.

ನಿನ್ನ ಅಕ್ಕ,
ಚಂದಮ್ಮ

ತಾ.ಕ.: ಹೇಳಬೇಕಾದ್ದು ಇದು, ಬೈಯಬೇಡ. ಹೋದ ವಾರ ನಮ್ಮ ಮನೆಗೆ ಐವತ್ತು ಚೀಲ ಸಿಮೆಂಟ್ ಬಂತು. ಕುರಿದೊಡ್ಡಿಗೆ ಕಳಿಸುತ್ತೇನೆ ಅಂದಿದ್ದೆಯಲ್ಲ, ನೀನೇ ಕಳಿಸಿದ್ದೀ ಅಂದುಕೊಂಡು ಚೀಟಿಗೆ ಸಹಿ ಹಾಕಿದೆ. ಹತ್ತು ಚೀಲ ದೊಡ್ಡಿಯ ನೆಲಕ್ಕೆ ಹೋದವು. ಇವತ್ತು ನಿಮ್ಮ ಗುತ್ತಿಗೆದಾರನ ಮನುಷ್ಯ ಬಂದು, "ಸಾಹೇಬರಿಗೆ ಹೇಳ್ರಿ ಅಕ್ಕಾರ, ಉಳಿದ ಕಾಗದಕ್ಕ ಲಗೂನ ಸಹಿ ಆಗ್ಲಿ" ಅಂದಾಗಲೇ ಸಿಮೆಂಟ್ ಕಳಿಸಿದವನು ನೀನಲ್ಲ, ಆ ಗುತ್ತಿಗೆದಾರ ಎಂದು ತಿಳಿಯಿತು. ನಾಳೆ ನಿಮ್ಮ ಭಾವ ಟಗರು ಮಾರಿ ಹತ್ತು ಚೀಲ ತರುತ್ತಾರೆ, ಐವತ್ತೂ ವಾಪಸ್ ಕಳಿಸುತ್ತೇವೆ. ಖಾಲಿ ಚೀಲ ಹತ್ತೂ ಮಡಚಿ ಇಟ್ಟಿದ್ದೇನೆ, ನನ್ನ ಕಿವಿ ಅವು. ನೋಡದೆ ಸಹಿ ಹಾಕಿದವಳು ಮನೆಗೆ ನಾನೊಬ್ಬಳು ಸಾಕಪ್ಪ.