ಅಲ್ಲಾಡದೆ ಮಲಗಬೇಕು

ಹಿಂದೂಪುರ
೧೪-೭-೨೦೨೫, ಸೋಮವಾರ

ಸೂರತ್‌ನಲ್ಲಿರುವ ನನ್ನವರಿಗೆ ನಿಮ್ಮ ಇಂದ್ರಾಣಿಯ ನಮಸ್ಕಾರ.

ಕೆಮ್ಮು ಕಡಿಮೆಯಾಯಿತೇ? ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಮಗ್ಗದ ಮುಂದೆ ನಿಲ್ಲಿ. ಫೋನಿನಲ್ಲಿ ನಾನು ಸ್ಕ್ಯಾನ್ ಎಂದ ಕೂಡಲೇ ಕಟ್ ಮಾಡುತ್ತೀರಿ. ಅದಕ್ಕೇ ಕಾಗದ. ಇದನ್ನಾದರೂ ಕೊನೆಯವರೆಗೆ ಓದಿ.

ಹೋದ ವರ್ಷ ತಾನೇ ಜಡೆ ಹೆಣೆದುಕೊಳ್ಳುತ್ತಿದ್ದ ನಮ್ಮ ಕೀರ್ತನಾ ಈಗ ಲೋಟ ಹಿಡಿದರೆ ಅರ್ಧ ನೀರು ನೆಲಕ್ಕೆ. ಸ್ಕೂಲಿನಲ್ಲಿ ಸೋಮಾರಿ ಅಂದರು, ನಾನೂ ಹೊಡೆದೆ. ಆ ಕೈಯನ್ನು ಏನು ಮಾಡಲಿ ಹೇಳಿ. ಇಲ್ಲಿನ ಸ್ಕ್ಯಾನ್ ಸೆಂಟರಿನಲ್ಲಿ ಮೊದಲ ಸಲ ಮಲಗಿಸಿದಾಗ ಟೆಕ್ನಿಷಿಯನ್ "ಕದಲೊದ್ದು ಪಾಪಾ, ಕದಲೊದ್ದು" ಎಂದು ತೆಲುಗಿನಲ್ಲಿ ರೇಗಿದ. ಅಲ್ಲಾಡದೆ ಇರಲಾಗದ್ದೇ ಅವಳ ಕಾಯಿಲೆ ಎಂದು ಅವನಿಗೆ ಯಾರು ಹೇಳಬೇಕು? ಚಿತ್ರವೆಲ್ಲ ಮಸುಕು. ಜನವರಿಯಲ್ಲಿ ಬೆಂಗಳೂರಿನಲ್ಲಿ ನಿದ್ದೆಗೆ ಔಷಧಿ ಕೊಟ್ಟು ತೆಗೆದರು. ಏನೋ ಬಿಳಿ ಕಲೆ ಇರಬಹುದು, ಇಲ್ಲದಿರಬಹುದು, ಬೆಳೆಯುವ ಮಕ್ಕಳ ಮೆದುಳು ಹೀಗೇ ಎಂದು ಹೇಳುವುದು ಕಷ್ಟ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ರೋಗ ಬೆಳೆದು ತನ್ನನ್ನು ತಾನೇ ತೋರಿಸಿಕೊಳ್ಳಲಿ ಎಂದು ಆರು ತಿಂಗಳು ಕಾಯುತ್ತಾ ಕೂತೆ!

ಮೊನ್ನೆ ಶುಕ್ರವಾರ ಬೆಂಗಳೂರಿನಲ್ಲಿ ಮತ್ತೆ ಸ್ಕ್ಯಾನ್ ಆಯಿತು; ಅಲ್ಲಿನ ಡಾಕ್ಟರ್ ಅಮರೇಶಪ್ಪನವರು ಜನವರಿಯದನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟರು. ಕಲೆ ಅಗಲವಾಗಿದೆ. ಓದು ಬರದವರಿಗೂ ಕಾಣುತ್ತಿತ್ತು. ಮೆದುಳಿನ ನರಗಳ ಮೇಲಿನ ಹೊದಿಕೆ ಸವೆಯುತ್ತಿದೆಯಂತೆ. ನಿಲ್ಲಿಸಲಾಗದಂತೆ.

ಕಲ್ಯಾಣದುರ್ಗದಿಂದ ಅತ್ತೆ ಬಂದಿದ್ದಾರೆ. "ಮಿಷಿನ್ನಾಗೆ ಮಲಗ್ಸಿ ಮಲಗ್ಸಿ ಮಗೀನ ಹಾಳು ಮಾಡ್ಬುಟ್ಟೆ ಕಣಮ್ಮ" ಅಂದರು. "ಅದು ಫೋಟೋ ತೆಗೀತೈತೆ ಕಣತ್ತೆ, ರೋಗ ಹಾಕಲ್ಲ" ಎಂದು ಮೊದಲ ಸಲ ಅವರ ಮೇಲೆ ಕೂಗಿಬಿಟ್ಟೆ. ಆಮೇಲೆ ಇಬ್ಬರೂ ಅತ್ತೆವು. ಈಗ ಅವರೇ ಅವಳಿಗೆ ತುತ್ತು ಕೊಡುತ್ತಾರೆ. ನಿಮ್ಮ ಮೇಲೆ ಕೂಗಲು ಮಾತ್ರ ನೀವು ಎದುರಿಗಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಜೊತೆಯ ಗಂಗರಾಜು ಅಣ್ಣನನ್ನೂ ಕೇಳಿದೆ ಎನ್ನಿ.

ನಿಮ್ಮ
ಇಂದ್ರಾಣಿ

ಮರೆತೆನೆಂದಲ್ಲ, ಬರೆಯಲು ಕೈ ಬರಲಿಲ್ಲ: ಇದು ಒಡಹುಟ್ಟಿದವರಿಗೂ ಬರಬಹುದಂತೆ. ನಮ್ಮ ಚಿಕ್ಕವಳು ಮೇಘನಾಗೆ ಇನ್ನೂ ಮೂರು ವರ್ಷ. ಲಕ್ಷಣ ಕಾಣುವ ಮೊದಲೇ ಗೊತ್ತಾದರೆ ಇವಳಿಗೆ ಚಿಕಿತ್ಸೆ ಇದೆ, ಅಕ್ಕನಿಗೆ ಆ ಕಾಲ ದಾಟಿತು ಅಂದರು. ಚೆನ್ನಾಗಿರುವ ಮಗುವನ್ನೂ ಮಲಗಿಸುತ್ತೀಯಾ ಎಂದು ಕೇಳಬೇಡಿ. ೨೪ರ ಗುರುವಾರ ಬೆಳಗಿನ ರೈಲಿಗೆ ಇವಳನ್ನು ಕರೆದುಕೊಂಡು ಬೆಂಗಳೂರಿಗೆ ಹೊರಡುತ್ತಿದ್ದೇನೆ, ನೀವು ಒಪ್ಪಿದರೂ ಒಪ್ಪದಿದ್ದರೂ. ಅಪ್ಪನ ರಕ್ತವನ್ನೂ ಪರೀಕ್ಷೆಗೆ ಕೇಳಿದ್ದಾರೆ. ಬನ್ನಿ. ಮೇಘನಾ ಈಗ ಅಂಗಳದಲ್ಲಿ ಓಡುತ್ತಿದ್ದಾಳೆ. ಬೆಳಗಿನಿಂದ ನೋಡುತ್ತಿದ್ದೇನೆ, ಒಮ್ಮೆಯೂ ಎಡವಿಲ್ಲ.