ನಿನ್ನ ಕಾಲಿಗೆ ಬಂದ ಜಪಾನಿನ ಮುಲಾಮು

ಅವ್ವಾ,

ಮಗ್ಗದ ಲಾಳಿಗೆ ನೂಲಿನ ಕಂಡಿ ಸುತ್ತುವ ನಿನ್ನ ಮಷೀನಿನ ಮುಂದೆ ಈಗ ನಾನೇ ನಿಲ್ಲುತ್ತಿದ್ದೇನೆ. ಸಂಜೆ ಇಚಲಕರಂಜಿಯ ಮನೆಗೆ ಬಂದರೆ ಮೀನಖಂಡಗಳು ಕಲ್ಲಾಗಿರುತ್ತವೆ. ಊಟ ಕೂಡ ಬೇಡವೆನಿಸುತ್ತದೆ. ಇಷ್ಟು ವರ್ಷ ನೀನು ಹೇಗೆ ನಿಂತೆ? ಎದುರಿಗೆ ಕೇಳಲು ನನಗೆ ಬಾಯಿ ಬರಲಿಲ್ಲ.

ನೀನು ದುಡಿಯುತ್ತಿದ್ದ ಕೊರೋಚಿಯ ಶೆಡ್ಡಿನಲ್ಲಿ ಹೊಸ ಮಗ್ಗ ಕೂಡಿಸಲು ಜಪಾನಿನ ಆ ಮುದುಕ ಬಂದ ದಿನ ನೆನಪಿದೆಯೇ? ನಿನ್ನ ಬಲಗಾಲಿನ ಹರಡಿನ ಗಂಟಿನ ಮೇಲಿನ ಗಾಯ ಮಾಯದೆ ಆಗಲೇ ವರ್ಷವಾಗುತ್ತ ಬಂದಿತ್ತು. ನೀನು ಕುಂಟುವುದನ್ನು ನೋಡಿ ಆತ ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದು ಕೊಟ್ಟ. ಒಳಗೆ ನೇರಳೆ ಬಣ್ಣದ ಮುಲಾಮು. ಅವರ ದೇಶದಲ್ಲಿ ಬೇರುಗಳನ್ನು ಎಳ್ಳೆಣ್ಣೆಯಲ್ಲಿ ಕಾಯಿಸಿ, ಜೇನುಮೇಣ ಕೂಡಿಸಿ ಮಾಡುತ್ತಾರಂತೆ. ಕೀವು ಇರುವಾಗ ಹಚ್ಚಬಾರದಂತೆ. ಸುಪರವೈಜರ್ ಇದನ್ನೆಲ್ಲ ತಿಳಿಸಿ ಹೇಳುವಾಗ ನೀನು ಡಬ್ಬಿ ಮೂಸಿ ನೋಡುತ್ತಿದ್ದೆ.

"ಎಳ್ಳೆಣ್ಣಿ ವಾಸನಿ ಐತ್ರಿ. ಇವ್ರೂ ನಮ್ಮಂಗನ ಅದಾರ."

"ಹಂಗಾರ ಇವರ ಸಂಗಾಟ ಜಪಾನಿಗೆ ಹೋಗ್ತಿ ಏನ, ಮಾವಶಿ?" ಸುಪರವೈಜರ್ ಚೇಷ್ಟೆ ಮಾಡಿದ.

"ಹೋಗ್ತೇನ್ರಿ, ಅಲ್ಲೆ ಕುಂತ ಕಂಡಿ ಸುತ್ತೂದಿದ್ರ."

ಎಲ್ಲರೂ ನಕ್ಕರು. ಏನೂ ತಿಳಿಯದೆ ಆ ಮುದುಕನೂ ನಕ್ಕ.

ಕಾಲು ತೆಗೆಯಬೇಕಾದೀತು ಎಂದು ಕೊಲ್ಲಾಪುರದ ಡಾಕ್ಟರು ಹೇಳಿದ ದಿನ, ಬಸ್ಸು ಹಾತಕಣಂಗಲೆ ದಾಟುತ್ತಿದ್ದಾಗ ನೀನು, "ಕಾಲು ಕಡದ್ರ ನನ್ನ ಹೆಂಗ ಕುಂದ್ರಸ್ತೀರಿ?" ಎಂದೆ. ನಮ್ಮಲ್ಲಿ ಸತ್ತವರನ್ನು ಎರಡೂ ಕಾಲು ಮಡಚಿ, ಕೂಡಿಸಿಯೇ ಮಣ್ಣು ಮಾಡುತ್ತಾರೆ. ಉಳಿದವರಿಗೆ ನಡೆಯಲು ಕಾಲು ಬೇಕು. ನಿನಗೆ ಕುಣಿಯಲ್ಲಿ ಕೂರಲು ಬೇಕಿತ್ತು.

ದವಾಖಾನೆಯ ಸಿಸ್ಟರ್ ನಿನ್ನ ಪಟ್ಟಿ ಬಿಚ್ಚಿ ಬೈದದ್ದು ಅದೇ ವಾರ. ಮಗ್ಗದಿಂದ ಆಗಷ್ಟೇ ಇಳಿದ ಹೊಸ ಬಟ್ಟೆಗಿಂತ ಶುಚಿಯಾದದ್ದು ಇನ್ಯಾವುದು ಎಂದು ನೀನು ಯಾವಾಗಲೂ ಅದರ ತುಂಡನ್ನೇ ಕಟ್ಟುತ್ತಿದ್ದೆ. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ.

"ಹೊಸಾ ಅರಬ್ಯಾಗ ಗಂಜಿ ಇರತೈತಿ, ಮಾವಶಿ. ಗಾಯಕ್ಕ ಹತ್ತಿ ಒಣಗತೈತಿ. ನೀವು ದಿನಾ ಕಿತ್ತಾಗ ಬಂದಿದ್ದ ಎಳೀ ಚರ್ಮಾನೂ ಕಿತ್ತ ಬರತೈತಿ."

"ಅಂದ್ರ ನಾ ಸುತ್ತಿದ ನೂಲನ ನನ್ನ ಕಾಲ ತಿಂತೇನು?" ಎಂದೆ ನೀನು.

ಅಂದಿನಿಂದ ನಾನು ನಿನ್ನ ಹಳೆಯ ಸೀರೆ ಹರಿದು, ಕುದಿಸಿ, ಒಣಗಿಸಿ ಕಟ್ಟತೊಡಗಿದೆ. ಡಾಕ್ಟರ ಗುಳಿಗೆಗಳಿಂದ ಕೀವು ನಿಂತ ಮೇಲೆ, ಅವರನ್ನು ಕೇಳಿಯೇ ಆ ಮುಲಾಮು ಹಚ್ಚಿದೆವು. ಹಾಸಿಗೆಯೆಲ್ಲ ನೇರಳೆ ಕಲೆ. ನೀನು ಕಾಲು ದಿಂಬಿನ ಮೇಲೆ ಎತ್ತಿಟ್ಟು ತಿಂಗಳುಗಟ್ಟಲೆ ಮಲಗಿದೆ. ಗಾಯ ಹುಣಸೆಬೀಜದಷ್ಟಾಯಿತು. ಮುಲಾಮಿನಿಂದಲೋ, ಗುಳಿಗೆಯಿಂದಲೋ, ನಿನಗೆ ಜನ್ಮದಲ್ಲಿ ಮೊದಲ ಸಲ ಸಿಕ್ಕ ವಿಶ್ರಾಂತಿಯಿಂದಲೋ, ನನಗೆ ತಿಳಿಯದು. ಆದರೆ ಮಲಗಿ ಮಲಗಿ ಮೊಣಕಾಲು ಬಿಗಿದುಕೊಂಡಿತು. "ಗಾಯ ಮಾಯ್ದರ ಏನ ಬಂತ, ಮಣಕಾಲ ಮಡಚವಲ್ದು" ಎಂದು ಗೋಡೆಯ ಕಡೆ ತಿರುಗಿದೆ. ನನಗೂ ಆಗ ಸಾಕಾಗಿತ್ತು ಅವ್ವಾ.

ಗಡಹಿಂಗ್ಲಜದ ಆಚೆ, ಮಹಾಗಾಂವದ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದ ನಿನಗೆ ಅಲ್ಲಿಯೇ ಜ್ವರ ಬಂತು. ನಾನು ಊರು ಮುಟ್ಟುವಷ್ಟರಲ್ಲಿ ನೀನು ಇರಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು. ಆ ಬಿಗಿದ ಕಾಲನ್ನು ಮಡಚಲು ಯಾರಿಗೂ ಧೈರ್ಯವಿಲ್ಲ. ಕಡೆಗೆ ನಿನ್ನ ತಂಗಿ, ನಮ್ಮ ಚಿಗವ್ವ, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಮೊಣಕಾಲಿಗೆ ಸುತ್ತಿ, ಅವಸರ ಮಾಡದೆ ಒತ್ತುತ್ತ ಕೂತಳು.

"ಅಕ್ಕಾ, ಹಟಾ ಮಾಡಬ್ಯಾಡ. ಇನ್ನ ಯಾವ ಪಾಳಿಗೂ ಹೋಗೂದಿಲ್ಲ ನೀ."

ಮೊಣಕಾಲು ಸ್ವಲ್ಪ ಸ್ವಲ್ಪವೇ ಸಡಿಲಾಯಿತು. ಪಟ್ಟಿ ಬಿಚ್ಚಿದಾಗ ಆ ಹುಣಸೆಬೀಜದಷ್ಟು ಜಾಗದ ಮೇಲೂ ತೆಳ್ಳಗೆ ಚರ್ಮ ಬಂದಿತ್ತು. ನಿನಗೆ ತಿಳಿಯದೆ ಹೋದದ್ದು ಇದೊಂದೇ. ನಿನ್ನನ್ನು ಎರಡೂ ಕಾಲು ಮಡಚಿಯೇ ಕೂಡಿಸಿದರು ಅವ್ವಾ. ಮಡಚಿಟ್ಟ ಬಲಗಾಲು ಬಿಚ್ಚದಂತೆ ಯಾರೂ ಹಿಡಿದುಕೊಳ್ಳಬೇಕಾಗಲಿಲ್ಲ.